ಮನೆಯೇ ಮಗ್ಗದ ಕೋಣೆಯಾದಾಗ

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ 'ಮನೆಯಿಂದಲೇ ಕೆಲಸ' ಎಂಬ ಮಾತು ಎಲ್ಲರ ಬಾಯಲ್ಲಿ ಓಡಾಡತೊಡಗಿತು. ಕಂಪ್ಯೂಟರಿನ ಮುಂದೆ ಹೇಗೆ ಕೂರಬೇಕು, ಎಷ್ಟು ಹೊತ್ತಿಗೊಮ್ಮೆ ಏಳಬೇಕು, ಮಕ್ಕಳ ಗದ್ದಲದ ನಡುವೆ ಕೆಲಸ ಮುಗಿಸುವುದು ಹೇಗೆ ಎಂದು ಪತ್ರಿಕೆಗಳು ಸಲಹೆ ಕೊಟ್ಟವು. ಮನುಷ್ಯ ಹಿಂದೆಂದೂ ಕಾಣದ ಪರಿಸ್ಥಿತಿಯೊಂದು ಎದುರಾಗಿದೆ ಎಂಬ ಧಾಟಿ ಆ ಬರಹಗಳಲ್ಲಿತ್ತು. ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ, ಬನಹಟ್ಟಿ, ಮಹಾಲಿಂಗಪುರಗಳ ನೇಕಾರ ಓಣಿಗಳಲ್ಲಿ ಒಮ್ಮೆ ನಡೆದು ಬಂದವರಿಗೆ ಹಾಗೆನಿಸುವುದಿಲ್ಲ. ಅಲ್ಲಿ ಎಷ್ಟೋ ಮನೆಗಳಲ್ಲಿ ಪಡಸಾಲೆಯೇ ಮಗ್ಗದ ಕೋಣೆ. ಅದರ ಹಿಂದೆ ಅಡುಗೆಮನೆ, ಮಗ್ಗಲಲ್ಲಿ ಮಕ್ಕಳ ಓದು, ಮೂಲೆಯಲ್ಲಿ ಕಂಡಿಕೆ ಸುತ್ತುವ ಅಜ್ಜಿ. ಮನೆಯಲ್ಲೇ ದುಡಿಯುವವರ ಆರೋಗ್ಯ ಮತ್ತು ದುಡಿಮೆಯ ಪ್ರಮಾಣ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗಲಾರದು. ಈ ಪ್ರಯೋಗಶಾಲೆಗೆ ಬೇಕಾದ ಉಪಕರಣಗಳು ಅಳತೆಪಟ್ಟಿ, ಉಷ್ಣಮಾಪಕ, ಗಡಿಯಾರ ಮತ್ತು ಒಂದು ಮೊಬೈಲ್ ಫೋನ್. ನಿಮ್ಮ ಶಾಲೆಯಲ್ಲಿ ಇವು ಇದ್ದೇ ಇರುತ್ತವೆ.

ಮೊದಲು ಒಂದು ಪ್ರಶ್ನೆ. ಕಾರ್ಖಾನೆಯಲ್ಲಿ ದುಡಿಯುವವರ ಸುರಕ್ಷತೆಗೆ ಕಾನೂನಿದೆ. ಮನೆಯಲ್ಲಿ ದುಡಿಯುವವರಿಗೆ? ವಿದ್ಯುತ್ ಬಳಸುವ ಜಾಗವೊಂದು 'ಕಾರ್ಖಾನೆ' ಎನಿಸಿಕೊಳ್ಳಲು 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಕನಿಷ್ಠ 10 ಕೆಲಸಗಾರರು ಇರಬೇಕಿತ್ತು. ಅದರ ಜಾಗಕ್ಕೆ ರೂಪಿಸಿದ 2020ರ ಸಂಹಿತೆ ಈ ಸಂಖ್ಯೆಯನ್ನು 20ಕ್ಕೆ ಏರಿಸಿತು. ಗಂಡ, ಹೆಂಡತಿ, ಒಬ್ಬ ಮಗ ಸೇರಿ ಎರಡೋ ನಾಲ್ಕೋ ಮಗ್ಗ ನಡೆಸುವ ಮನೆ ಎರಡೂ ಲೆಕ್ಕಗಳಿಂದ ಹೊರಗೇ ಉಳಿಯುತ್ತದೆ. ಅಲ್ಲಿಗೆ ತಪಾಸಣಾಧಿಕಾರಿ ಬರುವುದಿಲ್ಲ, ಊಟದ ಗಂಟೆ ಬಾರಿಸುವುದಿಲ್ಲ. ಬೆಳಕು ಎಷ್ಟಿದೆ, ಸದ್ದು ಎಷ್ಟಿದೆ ಎಂದು ಅಳೆಯುವವರಿಲ್ಲ. ಅಳೆಯುವ ಕೆಲಸವನ್ನು ಆ ಮನೆಯವರೇ, ಅಥವಾ ಆ ಮನೆಯಿಂದ ಶಾಲೆಗೆ ಬರುವ ಮಕ್ಕಳೇ ಮಾಡಬೇಕಾಗುತ್ತದೆ. ಇದು ಸಣ್ಣ ಗುಂಪಿನ ವಿಷಯವೂ ಅಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ಕೈಮಗ್ಗ ಮತ್ತು ಅದರ ಪೂರಕ ಕೆಲಸಗಳಲ್ಲಿ ತೊಡಗಿದವರು 35 ಲಕ್ಷಕ್ಕೂ ಹೆಚ್ಚು. ನೇಯುವವರಲ್ಲಿ ಶೇಕಡ 70ಕ್ಕೂ ಹೆಚ್ಚು ಮಂದಿ ಮಹಿಳೆಯರು. ವಿದ್ಯುತ್ ಮಗ್ಗಗಳವರು ಈ ಲೆಕ್ಕದಲ್ಲಿ ಸೇರಿಲ್ಲ.

ಬೆನ್ನು ಒಂದು ಸನ್ನೆಗೋಲು

ಕುಣಿಮಗ್ಗವನ್ನು ನೀವು ನೋಡಿರಬಹುದು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ನೆಲಮಟ್ಟದ ಹಲಗೆಯ ಮೇಲೆ ನೇಕಾರ ಕೂರುತ್ತಾನೆ. ಕಾಲು ಕೆಳಗಿನ ತುಳಿಹಲಗೆಗಳನ್ನು ತುಳಿದಂತೆ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರೆಯಾಗುತ್ತವೆ. ಆ ಸಂದಿಯಲ್ಲಿ ಲಾಳಿ ಓಡುತ್ತದೆ. ಹಣಿಗೆಯಿಂದ ಹೊಕ್ಕನ್ನು ಒತ್ತಿದಾಗ ಬಟ್ಟೆ ಒಂದು ಎಳೆಯಷ್ಟು ಬೆಳೆಯುತ್ತದೆ. ಒಂದು ಸೀರೆಗೆ ಈ ಕ್ರಿಯೆ ಸಾವಿರಾರು ಸಲ ನಡೆಯಬೇಕು.

ಕುರ್ಚಿಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುವ ಗುಮಾಸ್ತನಿಗೆ ಹೋಲಿಸಿದರೆ ಈ ನೇಕಾರನಿಗೆ ಒಂದು ಅನುಕೂಲವಿದೆ. ನಮ್ಮ ಮೀನಖಂಡದ ಸ್ನಾಯುಗಳು ಕುಗ್ಗಿದಾಗಲೆಲ್ಲ ಕಾಲಿನ ಅಭಿಧಮನಿಗಳ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತವೆ. ಇವನ್ನು ಕಾಲಿನ ಪಂಪು ಎಂದು ಕರೆಯುವುದುಂಟು. ತುಳಿಹಲಗೆ ತುಳಿಯುವಾಗ ಈ ಪಂಪು ಬಿಡುವಿಲ್ಲದೆ ಕೆಲಸ ಮಾಡುತ್ತದೆ. ಕುರ್ಚಿಯಲ್ಲಿ ಅದು ನಿಂತುಹೋಗುತ್ತದೆ. ಸಂಜೆಯ ವೇಳೆಗೆ ಪಾದ ಊದಿಕೊಳ್ಳುವುದು ಇದರಿಂದಲೇ.

ಆದರೆ ನೇಕಾರನ ಪೃಷ್ಠಕ್ಕೆ ಈ ರಿಯಾಯಿತಿ ಇಲ್ಲ. ಕೂತಾಗ ದೇಹದ ಭಾರವೆಲ್ಲ ಹೆಚ್ಚುಕಡಿಮೆ ಕುಂಡಿಯ ಕೆಳಗಿನ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಮೂಳೆಗೂ ಸ್ನಾಯುವಿಗೂ ನಡುವೆ ಉಜ್ಜಾಟ ತಪ್ಪಿಸಲು ದ್ರವ ತುಂಬಿದ ಪುಟ್ಟ ಚೀಲವಿರುತ್ತದೆ. ಗಟ್ಟಿ ಹಲಗೆಯ ಮೇಲೆ ಕುಳಿತು ಅತ್ತಿತ್ತ ಓಲಾಡುತ್ತ ದುಡಿದರೆ ಅದು ಊದಿ ನೋಯುತ್ತದೆ. ವೈದ್ಯಶಾಸ್ತ್ರದಲ್ಲಿ ಈ ಬೇನೆಗೆ 'ನೇಕಾರನ ಪೃಷ್ಠ' ಎಂಬರ್ಥದ ಹೆಸರೇ ಉಳಿದುಕೊಂಡಿದೆ. ಕಸುಬಿನ ಹೆಸರು ಕಾಯಿಲೆಗೆ ಅಂಟಿಕೊಳ್ಳಬೇಕಾದರೆ ಅದೆಷ್ಟು ಜನ ನೇಕಾರರು ಈ ನೋವು ತಿಂದಿರಬೇಕು! 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಪ್ರಕಟಿಸಿ, ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ 'ನೀನು ಮಾಡುವ ಕೆಲಸವೇನು' ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಹೇಳಿದ. ಈ ಪ್ರಶ್ನೆ ಕೇಳದ ವೈದ್ಯರು ಇಂದೂ ಇದ್ದಾರೆ. ಹಾಗಾಗಿ ನೇಕಾರರೇ ಮುಂದಾಗಿ ಹೇಳಿಬಿಡುವುದು ಒಳ್ಳೆಯದು. ಪರಿಹಾರವೇನೋ ಸರಳ. ನಾಲ್ಕು ಪದರ ಮಾಡಿದ ಕೌದಿ ಹಾಸಿಕೊಂಡರೆ ಭಾರ ಹೆಚ್ಚು ಜಾಗಕ್ಕೆ ಹರಡಿ ಒತ್ತಡ ಇಳಿಯುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂಬ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ.

ಬೆನ್ನಿನ ಲೆಕ್ಕ ಇನ್ನೂ ಸ್ವಾರಸ್ಯಕರ. ಬೆನ್ನುಮೂಳೆಯ ಕೆಳಭಾಗವನ್ನು ಆನಿಕೆ ಬಿಂದು ಎಂದು ಭಾವಿಸಿ. 60 ಕಿಲೋಗ್ರಾಂ ತೂಕದ ವ್ಯಕ್ತಿಯ ಸೊಂಟದ ಮೇಲಿನ ಭಾಗದ ತೂಕ ಸುಮಾರು 30 ಕಿಲೋಗ್ರಾಂ, ಅಂದರೆ 300 ನ್ಯೂಟನ್. ಬಟ್ಟೆಯ ಅಂಚು ದೂರವಿದ್ದು ಆಕೆ ಮುಂದಕ್ಕೆ ಬಾಗಿದಾಗ ಈ ತೂಕದ ಕೇಂದ್ರ ಬೆನ್ನುಮೂಳೆಯಿಂದ 20 ಸೆಂಟಿಮೀಟರ್ ಮುಂದಿರುತ್ತದೆ ಎಂದುಕೊಳ್ಳೋಣ. ಇದನ್ನು ಹಿಡಿದು ನಿಲ್ಲಿಸುವ ಬೆನ್ನಿನ ಸ್ನಾಯುಗಳು ಮೂಳೆಯಿಂದ ಬರೀ 5 ಸೆಂಟಿಮೀಟರ್ ಹಿಂದಿವೆ. ಸನ್ನೆಯ ನಿಯಮದ ಪ್ರಕಾರ ಸ್ನಾಯುಗಳು ಎಳೆಯಬೇಕಾದ ಬಲ 300 × 20 ÷ 5, ಅಂದರೆ 1200 ನ್ಯೂಟನ್. ಬೆನ್ನುಮೂಳೆಗಳ ನಡುವಿನ ಮೆತ್ತೆಯ ಮೇಲೆ ಈ ಬಲವೂ ದೇಹದ ತೂಕವೂ ಕೂಡಿ ಬೀಳುತ್ತವೆ. ಈಗ ಕೂರುವ ಹಲಗೆಯನ್ನು ಮಗ್ಗದತ್ತ ಸರಿಸಿ. ಬಾಗುವುದು ಕಡಿಮೆಯಾಗಿ ಆ 20 ಸೆಂಟಿಮೀಟರ್ 10ಕ್ಕೆ ಇಳಿದರೆ ಸ್ನಾಯುಗಳ ಬಲ 600 ನ್ಯೂಟನ್ನಿಗೆ ಇಳಿಯಿತು. ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಅರ್ಧ ಭಾರ ಇಳಿಸಿದಂತಾಯಿತು.

ಕಷ್ಟ ಎಲ್ಲಿದೆಯೆಂದರೆ ಒಂದೇ ಮಗ್ಗದಲ್ಲಿ ಬೆಳಿಗ್ಗೆ ಐದೂವರೆ ಅಡಿಯ ಮಾವ, ಮಧ್ಯಾಹ್ನ ಐದಡಿಯ ಸೊಸೆ ಕೂರುತ್ತಾರೆ. ಕುಣಿಯ ಆಳ, ಹಲಗೆಯ ದೂರ ಮಾವನ ಅಳತೆಗೆ ತಕ್ಕಂತೆ ಇರುತ್ತವೆ. ಸೊಸೆಯ ಕಾಲು ತುಳಿಹಲಗೆಗೆ ಪೂರ್ತಿ ಎಟುಕುವುದಿಲ್ಲ, ಆಕೆ ಹಲಗೆಯ ತುದಿಗೆ ಜಾರಿ ಕುಳಿತು ಬಾಗಿ ನೇಯುತ್ತಾಳೆ. ಹಲಗೆಯನ್ನು ಹಿಂದೆ ಮುಂದೆ ಸರಿಸುವಂತೆ ಮಾಡಿ, ಕುಣಿಯಲ್ಲಿ ಕಾಲ ಕೆಳಗೆ ಎತ್ತರ ಕೊಡುವ ಮಣೆಯೊಂದನ್ನು ಇಟ್ಟರೆ ಸಾಕು. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡಬಲ್ಲ ಕೆಲಸ ಇದು. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕತ್ತು ಬಗ್ಗಿಸುವವರಿಗೂ ಇದೇ ಸನ್ನೆಯ ಲೆಕ್ಕ ಅನ್ವಯಿಸುತ್ತದೆ. ಅಲ್ಲಿ 300 ನ್ಯೂಟನ್ ಬದಲು ತಲೆಯ ಸುಮಾರು 50 ನ್ಯೂಟನ್ ಇರುತ್ತದೆ, ಅಷ್ಟೆ.

ಬೆಳಕು

ಮಗ್ಗದ ಮೇಲೆ ಎರಡು ಮೀಟರ್ ಎತ್ತರದಲ್ಲಿ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ತೂಗುತ್ತಿದೆ. ಅದರ ಬೆಳಕು ಸುಮಾರು 900 ಲ್ಯೂಮೆನ್. ಈ ಬೆಳಕು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ, ಗೋಡೆಗಳಿಂದ ಏನೂ ಹಿಂದಿರುಗುವುದಿಲ್ಲ ಎಂದು ಭಾವಿಸಿ ಲೆಕ್ಕ ಹಾಕಿದರೆ ಬಟ್ಟೆಯ ಮೇಲೆ ಬೀಳುವುದು ಸುಮಾರು 18 ಲಕ್ಸ್. ಬಲ್ಬನ್ನು ಒಂದು ಮೀಟರಿಗೆ ಇಳಿಸಿದರೆ 72 ಲಕ್ಸ್, ಅರ್ಧ ಮೀಟರಿಗೆ ಇಳಿಸಿದರೆ 286. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ನಿಜವಾದ ಬಲ್ಬು ಹೆಚ್ಚಿನ ಬೆಳಕನ್ನು ಕೆಳಗೇ ಚೆಲ್ಲುವುದರಿಂದ ಅಳೆದಾಗ ಇದಕ್ಕಿಂತ ಹೆಚ್ಚೇ ಬರುತ್ತದೆ, ಆದರೆ ಅನುಪಾತ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಸಾಮಾನ್ಯ ಓದಿಗೆ 300 ಲಕ್ಸ್, ಸೂಕ್ಷ್ಮ ಕೆಲಸಕ್ಕೆ 500ಕ್ಕೂ ಹೆಚ್ಚು ಬೇಕೆನ್ನುತ್ತಾರೆ. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ ಎಷ್ಟು ಸೂಕ್ಷ್ಮ ಎಂಬುದು ನಿಮಗೆ ಗೊತ್ತು. ಅದೂ ಕಪ್ಪು ಅಥವಾ ಗಾಢ ನೀಲಿ ನೂಲಾದರೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ನೂಲೇ ಹೀರಿಕೊಳ್ಳುತ್ತದೆ.

ಮನೆಯಲ್ಲಿ ಈ ಕೆಲಸಕ್ಕೆ ಕೂರುವವರು ಹೆಚ್ಚಾಗಿ ಅನುಭವಸ್ಥರಾದ ಹಿರಿಯರು. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 60 ವರ್ಷದವರ ಅಕ್ಷಿಪಟಲವನ್ನು ಮುಟ್ಟುವ ಬೆಳಕು 20 ವರ್ಷದವರಿಗಿಂತ ಸುಮಾರು ಮೂರನೆಯ ಒಂದು ಭಾಗ. 'ಅಜ್ಜನಿಗೆ ಕೈ ನಿಧಾನವಾಯಿತು' ಎನ್ನುವ ಮುಂಚೆ ಬಲ್ಬನ್ನು ಒಂದು ಮೀಟರ್ ಕೆಳಗಿಳಿಸಿ ನೋಡಬೇಕು. ಕಣ್ಣಿಗೆ ನೇರ ಹೊಡೆಯದಂತೆ ಅದಕ್ಕೊಂದು ಮರೆ ಇರಲಿ. ನೇಕಾರರ ಹಳೆಯ ಮನೆಗಳಲ್ಲಿ ಮಾಳಿಗೆಗೆ ಬೆಳಕಿಂಡಿ ಬಿಡುತ್ತಿದ್ದುದು ಸುಮ್ಮನೆ ಅಲ್ಲ. ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ರೇಷ್ಮೆ ಮತ್ತು ನಾರುಬಟ್ಟೆ ನೇಯುವವರ ದುಡಿಮೆಯನ್ನು ಗಂಟೆಗಂಟೆಗೂ ಅಳೆದಾಗ ಹಗಲ ಬೆಳಕಿಗಿಂತ ದೀಪದ ಬೆಳಕಿನಲ್ಲಿ ಉತ್ಪಾದನೆ ಇಳಿಯುವುದು ಕಂಡುಬಂದಿತ್ತು.

ನೂಲಿಗೆ ಹಿತವಾದದ್ದು ಮನುಷ್ಯನಿಗೆ?

ಹತ್ತಿ ನೂಲಿನ ಒಂದು ಗುಣ ವಿಚಿತ್ರ. ತೇವ ಹೀರಿದಾಗ ಅದರ ಬಲ ಕುಗ್ಗುವ ಬದಲು ಹೆಚ್ಚುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65 ಇದ್ದಾಗ 100 ಗ್ರಾಂ ಒಣ ಹತ್ತಿ ಸುಮಾರು 8.5 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರ್ದ್ರತೆ ಶೇಕಡ 40ಕ್ಕೆ ಇಳಿದರೆ ಸುಮಾರು 5 ಗ್ರಾಂ ಮಾತ್ರ. ಆಗ ಎಳೆ ಪೆಡಸಾಗುತ್ತದೆ, ಗಂಜಿ ಉದುರುತ್ತದೆ, ಪದೇಪದೇ ಹರಿಯುತ್ತದೆ. ಹರಿದ ಪ್ರತಿ ಎಳೆಯನ್ನು ಹುಡುಕಿ ಗಂಟು ಹಾಕುವವರೆಗೆ ಮಗ್ಗ ನಿಲ್ಲಬೇಕು. ಮಾರ್ಚ್‌ನಿಂದ ಮೇವರೆಗೆ ಒಣಬಿಸಿಲು ಕಾಯುವ ಕೃಷ್ಣಾತೀರದ ಈ ಊರುಗಳಲ್ಲಿ ಮಗ್ಗವನ್ನು ನೆಲಕ್ಕೆ ಇಳಿಸಿ ಕುಣಿಯ ತೇವ ಹಾಸಿಗೆ ತಾಗುವಂತೆ ಮಾಡಿದ್ದು ಒಳ್ಳೆಯ ತಂತ್ರವೇ ಸರಿ.

ಇಲ್ಲೊಂದು ಇಕ್ಕಟ್ಟು ಇದೆ. ದುಡಿಯುವ ದೇಹ ಸೆಕೆಂಡಿಗೆ ಸುಮಾರು 240 ಜೂಲ್ ಶಾಖವನ್ನು ಹೊರಹಾಕಬೇಕು ಎಂದಿಟ್ಟುಕೊಳ್ಳಿ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯನ್ನು, ಅಂದರೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಅನ್ನು, ಮುಟ್ಟಿದ ಮೇಲೆ ಬೆವರು ಆರುವುದೊಂದೇ ದಾರಿ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2400 ಜೂಲ್ ಬೇಕು. ಹಾಗಾದರೆ ಸೆಕೆಂಡಿಗೆ 0.1 ಗ್ರಾಂ, ಗಂಟೆಗೆ 360 ಗ್ರಾಂ ಬೆವರು ಆರಬೇಕು. ಗಂಟೆಗೆ ಒಂದು ದೊಡ್ಡ ಲೋಟ ನೀರು ಕುಡಿಯಿರಿ ಎಂಬ ಸಲಹೆಯ ಹಿಂದಿರುವ ಲೆಕ್ಕ ಇದು. ಆದರೆ ನೂಲಿಗಾಗಿ ಕಿಟಕಿ ಮುಚ್ಚಿ ತೇವ ಉಳಿಸಿಕೊಂಡರೆ ಬೆವರು ಆರುವುದಿಲ್ಲ. ಮನುಷ್ಯನಿಗಾಗಿ ಫ್ಯಾನ್ ಹಾಕಿದರೆ ನೂಲು ಒಣಗುತ್ತದೆ. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ನೂಲು ಹರಿಯದಿರಲೆಂದು ಹಬೆ ಬಿಡುತ್ತಿದ್ದರು. ನೇಕಾರರು ಪ್ರತಿಭಟಿಸಿದರು, 1889ರ ಕಾಯ್ದೆ ಆರ್ದ್ರತೆಗೆ ಮಿತಿ ಹಾಕಿತು. ಮನೆಯ ಮಗ್ಗದಲ್ಲಿ ಪ್ರತಿಭಟಿಸಬೇಕಾದವರೂ ಕಿಟಕಿ ಮುಚ್ಚುವವರೂ ಒಬ್ಬರೇ!

ದಾರಿಗಳು ಇಲ್ಲವೆಂದಲ್ಲ. ಫ್ಯಾನಿನ ಗಾಳಿಯನ್ನು ಹಾಸಿನ ಮೇಲೆ ಬಿಡದೆ ಪಕ್ಕದಿಂದ ನೇಕಾರನ ಬೆನ್ನಿಗೆ ಬೀಸುವಂತೆ ಇಡಬಹುದು. ತಗಡಿನ ಮಾಡಿಗೆ ಬೇಸಿಗೆಯ ಮೊದಲೇ ಸುಣ್ಣ ಬಳಿದರೆ ಬಿಸಿಲಿನ ಗಣನೀಯ ಭಾಗ ಹಿಂದಿರುಗುತ್ತದೆ. ತಗಡಿನ ಕೆಳಗೆ ಕೂತವರಿಗೆ ಗಾಳಿಯ ಬಿಸಿಗಿಂತ ಕಾದ ತಗಡು ಸೂಸುವ ಶಾಖವೇ ಹೆಚ್ಚಿನ ಕಾಟ. ಎಲ್ಲಕ್ಕಿಂತ ಸುಲಭವಾದದ್ದು ವೇಳೆಯನ್ನು ಬದಲಿಸುವುದು. ಬೆಳಗಿನ ಜಾವ ಗಾಳಿ ತಂಪಾಗಿದ್ದು ಸಾಪೇಕ್ಷ ಆರ್ದ್ರತೆಯೂ ಹೆಚ್ಚಿರುತ್ತದೆ. ನೂಲಿಗೂ ಮನುಷ್ಯನಿಗೂ ಹಿತವಾದ ಹೊತ್ತು ಅದೊಂದೇ. ಮನೆಗೆಲಸದವರಿಗೆ ಇರುವ ದೊಡ್ಡ ಸ್ವಾತಂತ್ರ್ಯವೆಂದರೆ ಗಡಿಯಾರ ತಮ್ಮದಾಗಿರುವುದು. ಕೈಮಗ್ಗದವರು ಅದನ್ನು ಬಳಸಿಕೊಳ್ಳಬಲ್ಲರು. ವಿದ್ಯುತ್ ಮಗ್ಗದವರ ಗಡಿಯಾರ ಕರೆಂಟಿನ ಕೈಯಲ್ಲಿರುತ್ತದೆ.

ನೂಲಿನ ಧೂಳಿನ ಬಗ್ಗೆ ಒಂದು ಮಾತು. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಬೇನೆ ಹೆಚ್ಚಾಗಿ ಹತ್ತಿ ಹಿಂಜುವ, ನೂಲುವ ಗಿರಣಿಗಳದ್ದು. ನೇಯುವಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಣ ಕಸಬರಿಗೆಯಿಂದ ಗುಡಿಸಿದರೆ ಧೂಳು ಮತ್ತೆ ಗಾಳಿಗೇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು.

ಸದ್ದಿನ ಲೆಕ್ಕ

ಇನ್ನು ಎಲ್ಲಕ್ಕಿಂತ ಗಂಭೀರವಾದ ವಿಷಯ. ಲಾಳಿಯಿರುವ ವಿದ್ಯುತ್ ಮಗ್ಗದಲ್ಲಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಮರದ ಲಾಳಿಯನ್ನು ಬಡಿದು ಓಡಿಸಿ, ಆಚೆ ಬದಿಯಲ್ಲಿ ಬಡಿದು ನಿಲ್ಲಿಸಲಾಗುತ್ತದೆ. ಪ್ರತಿ ಬಡಿತದ ಚಲನಶಕ್ತಿಯಲ್ಲಿ ಒಂದು ಪಾಲು ಸದ್ದಾಗಿ ಹೊರಬರುತ್ತದೆ. ಸಿಮೆಂಟು ನೆಲ, ಗಿಲಾಯಿ ಗೋಡೆ, ತಗಡಿನ ಮಾಡು ಯಾವುದೂ ಅದನ್ನು ಹೀರುವುದಿಲ್ಲ. ಇಂಥ ಮಗ್ಗಗಳಿರುವ ಕೋಣೆಗಳಲ್ಲಿ ಸದ್ದು 90ರಿಂದ 100 ಡೆಸಿಬೆಲ್ ಇರುವುದು ಸಾಮಾನ್ಯ.

ಡೆಸಿಬೆಲ್ ಎಂಬುದು ಲಾಗರಿದಮ್ ಮಾನ. ಇಲ್ಲಿ ಮಾಮೂಲಿ ಕೂಡುವ ಲೆಕ್ಕ ನಡೆಯುವುದಿಲ್ಲ. ಒಂದು ಮಗ್ಗದ ಸದ್ದು 94 ಡೆಸಿಬೆಲ್ ಇದ್ದರೆ ಅಂಥವೇ ಎರಡು ಮಗ್ಗಗಳ ಸದ್ದು 188 ಅಲ್ಲ, 97. ನಾಲ್ಕು ಮಗ್ಗಗಳದ್ದು 100. ಶಕ್ತಿ ಇಮ್ಮಡಿಯಾದಾಗಲೆಲ್ಲ 3 ಡೆಸಿಬೆಲ್ ಸೇರುತ್ತದೆ. 'ಬರೀ ಆರು ಡೆಸಿಬೆಲ್ ತಾನೆ ಹೆಚ್ಚಿದ್ದು' ಎಂದು ಯಾರಾದರೂ ಅಂದರೆ ಕಿವಿಗೆ ಬೀಳುವ ಶಕ್ತಿ ನಾಲ್ಕು ಪಟ್ಟಾಯಿತು ಎಂದು ತಿಳಿಯಿರಿ.

ಎಷ್ಟು ಸದ್ದನ್ನು ಎಷ್ಟು ಹೊತ್ತು ತಡೆದುಕೊಳ್ಳಬಹುದು? 1948ರ ಕಾಯ್ದೆಯಡಿಯ ಮಾದರಿ ನಿಯಮಗಳು 90 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ ಎಂದು ಮಿತಿ ಹಾಕಿದ್ದವು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಶಿಫಾರಸು ಇನ್ನೂ ಬಿಗಿ. 85 ಡೆಸಿಬೆಲ್‌ಗೆ 8 ಗಂಟೆ, ಮುಂದೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. ಆ ಪ್ರಕಾರ 100 ಡೆಸಿಬೆಲ್‌ಗೆ ಬರೀ 15 ನಿಮಿಷ! ನಾಲ್ಕು ಮಗ್ಗದ ಮನೆಯವರು ದಿನಕ್ಕೆ ಹತ್ತು ಗಂಟೆ ಈ ಸದ್ದಿನಲ್ಲಿ ಇರುತ್ತಾರೆ. ಕಾರ್ಖಾನೆಯ ಕೆಲಸಗಾರ ಸಂಜೆ ಸದ್ದಿನಿಂದ ಹೊರಬಂದು ಮನೆ ಸೇರುತ್ತಾನೆ. ಇವರಿಗೆ ಸದ್ದೇ ಮನೆ. ಅಲ್ಲಿ ತೊಟ್ಟಿಲೂ ಇದೆ, ಪರೀಕ್ಷೆಗೆ ಓದುವವರೂ ಇದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಾಕಿದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್.

ಕಿವಿಯೊಳಗೆ ಏನಾಗುತ್ತದೆ? ಒಳಕಿವಿಯ ಶಂಖದಾಕಾರದ ಕೊಳವೆಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಕಂಪನವನ್ನು ನರಸಂದೇಶವಾಗಿ ಬದಲಿಸುವವು ಇವೇ. ಅತಿಯಾದ ಸದ್ದಿಗೆ ಅವು ಮೊದಲು ಬಳಲುತ್ತವೆ. ಕೆಲಸ ಬಿಟ್ಟ ಮೇಲೆ ಕೆಲ ಹೊತ್ತು ಕಿವಿಯಲ್ಲಿ ಗುಂಯ್‌ಗುಟ್ಟುವುದು ಆಗಲೇ. ದಿನವೂ ಹೀಗಾದರೆ ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಪೆಟ್ಟು ತಿನ್ನುವುದು 4000 ಹರ್ಟ್ಸ್ ಆಸುಪಾಸಿನ ಧ್ವನಿಗಳನ್ನು ಗ್ರಹಿಸುವ ಭಾಗ. ಸ್ವರಗಳ ಶಕ್ತಿ ಹೆಚ್ಚಾಗಿ ಇದಕ್ಕಿಂತ ಕೆಳಗಿನ ಆವರ್ತಗಳಲ್ಲಿದೆ, ವ್ಯಂಜನಗಳ ಸ್ಪಷ್ಟತೆ ಮೇಲಿನ ಆವರ್ತಗಳಲ್ಲಿದೆ. ಆದ್ದರಿಂದ ಈ ಕಿವುಡು ಕಿವುಡಿನಂತೆ ತೋರುವುದಿಲ್ಲ. ಮಾತು ಕೇಳುತ್ತದೆ, ತಿಳಿಯುವುದಿಲ್ಲ. 'ಕಾಯಿ' ಎಂದರೋ 'ತಾಯಿ' ಎಂದರೋ ಗೊತ್ತಾಗುವುದಿಲ್ಲ. ನಿಮ್ಮ ತರಗತಿಯಲ್ಲಿ ಉಕ್ತಲೇಖನ ಬರೆಯುವಾಗ ಅಕ್ಷರ ತಪ್ಪುವ ಹುಡುಗ ದಡ್ಡನೆಂದು ತೀರ್ಮಾನಿಸುವ ಮುನ್ನ ಅವನ ಮನೆಯಲ್ಲಿ ಎಷ್ಟು ಮಗ್ಗಗಳಿವೆ ಎಂದು ಕೇಳಿ, ಕಿವಿ ಪರೀಕ್ಷೆ ಮಾಡಿಸಿ.

'ಸದ್ದು ಅಭ್ಯಾಸವಾಗಿಬಿಟ್ಟಿದೆ, ಕೆಲಸಕ್ಕೇನೂ ತೊಂದರೆಯಿಲ್ಲ' ಎನ್ನುವವರಿಗೆ ಉತ್ತರವಾಗಿ ಒಂದು ಹಳೆಯ ಪ್ರಯೋಗವಿದೆ. 1930ರ ದಶಕದಲ್ಲಿ ಬ್ರಿಟನ್ನಿನ ಔದ್ಯೋಗಿಕ ಆರೋಗ್ಯ ಸಂಶೋಧನಾ ಮಂಡಳಿಗಾಗಿ ವೆಸ್ಟನ್ ಮತ್ತು ಆಡಮ್ಸ್ ಎಂಬ ಇಬ್ಬರು ವಿದ್ಯುತ್ ಮಗ್ಗದ ನೇಕಾರರಿಗೆ ಒಂದು ವಾರ ಕಿವಿಬಿರಡೆ ಹಾಕಿಸಿ, ಇನ್ನೊಂದು ವಾರ ತೆಗೆಸಿ, ತಿಂಗಳುಗಟ್ಟಲೆ ಅವರ ಉತ್ಪಾದನೆಯನ್ನು ಅಳೆದರು. ಬಟ್ಟೆಯ ಒಟ್ಟು ಪ್ರಮಾಣ ಸ್ವಲ್ಪವೇ ಹೆಚ್ಚಿತು. ಏಕೆಂದರೆ ನೇಯುವ ವೇಗ ಯಂತ್ರದ್ದು. ಆದರೆ ಮನುಷ್ಯನ ಪಾಲಿಗೆ ಉಳಿಯುವ ಕೆಲಸವನ್ನು, ಅಂದರೆ ಹರಿದ ಎಳೆ ಗುರುತಿಸಿ ಜೋಡಿಸಿ ಮತ್ತೆ ಚಾಲೂ ಮಾಡುವುದನ್ನು ಬೇರೆಯಾಗಿ ಲೆಕ್ಕ ಹಾಕಿದಾಗ ಅಲ್ಲಿನ ದಕ್ಷತೆ ಎದ್ದುಕಾಣುವಷ್ಟು ಏರಿತ್ತು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದೇ ವ್ಯಕ್ತಿಯನ್ನು ಬಿರಡೆಯೊಡನೆ ಮತ್ತು ಬಿರಡೆಯಿಲ್ಲದೆ ಹೋಲಿಸಿದ್ದರಿಂದ ಆಳಿಂದಾಳಿಗೆ ಇರುವ ಕೌಶಲದ ವ್ಯತ್ಯಾಸ ಅಡ್ಡ ಬರಲಿಲ್ಲ. ಆದರೆ ತನ್ನ ಕಿವಿಯಲ್ಲಿ ಬಿರಡೆ ಇದೆಯೋ ಇಲ್ಲವೋ ಎಂಬುದು ನೇಕಾರನಿಗೆ ಗೊತ್ತೇ ಇತ್ತು. ತಮ್ಮ ಮೇಲೆ ಯಾರೋ ಕಾಳಜಿ ತೋರಿದರೆಂಬ ಉತ್ಸಾಹದಿಂದಲೂ ಕೆಲಸ ಚುರುಕಾಗಿರಬಹುದು. ಈ ಅನುಮಾನ ನಂತರದ ಮನಶ್ಶಾಸ್ತ್ರಜ್ಞರನ್ನೂ ಕಾಡಿದೆ.

ಬಿರಡೆ ಎಂದಾಕ್ಷಣ ಕಿವಿಗೆ ಹತ್ತಿ ತುರುಕಿಕೊಳ್ಳುವುದು ನಮ್ಮಲ್ಲಿ ರೂಢಿ. ಹತ್ತಿಯ ಊರಿನಲ್ಲಿ ಅದೇ ಕೈಗೆ ಸಿಗುವುದು ಸಹಜ. ಆದರೆ ಬಿಡಿ ಹತ್ತಿಯಲ್ಲಿ ಗಾಳಿಯ ಸಂದುಗಳು ತುಂಬಿರುವುದರಿಂದ ಅದು ತಡೆಯುವುದು ಅತ್ಯಲ್ಪ. ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಸ್ಪಂಜಿನ ಬಿರಡೆಯನ್ನು ಬೆರಳಿನಿಂದ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಹಿಡಿದುಕೊಂಡರೆ ನಿಜವಾದ ರಕ್ಷಣೆ ಸಿಗುತ್ತದೆ. ಮಗ್ಗದ ಕಾಲುಗಳ ಕೆಳಗೆ ದಪ್ಪ ರಬ್ಬರ್ ಇಟ್ಟರೆ ನೆಲದ ಮೂಲಕ ಪಕ್ಕದ ಕೋಣೆಗೆ ಹರಿಯುವ ಕಂಪನ ಕಡಿಮೆಯಾಗುತ್ತದೆ. ಮಗ್ಗದ ಕೋಣೆಗೂ ವಾಸದ ಕೋಣೆಗೂ ನಡುವೆ ಬಾಗಿಲಿದ್ದರೆ ಮುಚ್ಚಿಡಬೇಕು, ಗೋಡೆ ಎಷ್ಟು ದಪ್ಪವಿದ್ದರೂ ತೆರೆದ ಬಾಗಿಲು ಅದನ್ನು ವ್ಯರ್ಥಗೊಳಿಸುತ್ತದೆ. ಗೋಡೆಗೆ ದಪ್ಪ ಕಂಬಳಿ, ಗೋಣಿ ಇಳಿಬಿಟ್ಟರೆ ಮೇಲಿನ ಆವರ್ತದ ಪ್ರತಿಫಲನ ಸ್ವಲ್ಪ ತಗ್ಗುತ್ತದೆ. ಆದರೆ ಅದರಲ್ಲಿ ಧೂಳು ಕೂರುತ್ತದೆ, ಬೆಂಕಿ ಹೊತ್ತುವ ಭಯವೂ ಇದೆ. ಹಾಗಾಗಿ ನಾನು ಅದನ್ನು ಎಲ್ಲರಿಗೂ ಹೇಳುವುದಿಲ್ಲ.

ಬಿಡುವಿನ ಬೆಲೆ

ದಣಿದ ಸ್ನಾಯು ಚೇತರಿಸಿಕೊಳ್ಳುವ ವೇಗ ಒಂದೇ ಸಮನಾಗಿರುವುದಿಲ್ಲ. ಬಿಡುವಿನ ಮೊದಲ ನಿಮಿಷಗಳಲ್ಲಿ ಚೇತರಿಕೆ ಬೇಗ, ಆಮೇಲೆ ನಿಧಾನ. ಬಿಸಿ ನೀರು ಮೊದಮೊದಲು ಬೇಗ ಆರಿ ಕೊನೆಗೆ ನಿಧಾನವಾಗಿ ಆರುವಂತೆಯೇ ಇದರ ರೇಖಾಚಿತ್ರ. ಆದ್ದರಿಂದ ನಾಲ್ಕು ಗಂಟೆಗೊಮ್ಮೆ ಅರ್ಧ ಗಂಟೆ ಮಲಗುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಮೂರು ನಾಲ್ಕು ನಿಮಿಷ ಏಳುವುದು ಹೆಚ್ಚು ಲಾಭಕರ. ಕೈಮಗ್ಗದಲ್ಲಿ ಇಂಥ ಬಿಡುವು ಕೆಲಸದೊಳಗೇ ಇದೆ. ಕಂಡಿಕೆ ಮುಗಿಯುತ್ತದೆ, ಬದಲಿಸಬೇಕು. ನೇಯ್ದ ಬಟ್ಟೆ ಸುತ್ತಬೇಕು. ಎಳೆ ಜೋಡಿಸಬೇಕು. ಪ್ರತಿ ಸಲ ಭಂಗಿ ಬದಲಾಗುತ್ತದೆ, ಕಣ್ಣು ದೂರ ನೋಡುತ್ತದೆ. ಕಂಪ್ಯೂಟರಿನಲ್ಲಿ ದುಡಿಯುವವರಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರವನ್ನು 20 ಸೆಕೆಂಡು ನೋಡಿ ಎಂದು ಹೇಳಿಕೊಡಬೇಕಾಗಿದೆ. ಕುಣಿಮಗ್ಗ ಅದನ್ನು ಹೇಳದೆಯೇ ಮಾಡಿಸುತ್ತಿತ್ತು.

ಆದರೂ ನೇಕಾರರು ಬಿಡುವು ತೆಗೆದುಕೊಳ್ಳುವುದಿಲ್ಲ. ಕಾರಣ ಅಜ್ಞಾನವಲ್ಲ. ಕೂಲಿ ಸಿಗುವುದು ಗಂಟೆಗಲ್ಲ, ಸೀರೆಗೆ. ನೂಲು ಕೊಟ್ಟವರು ವಾರದ ಕೊನೆಗೆ ಸೀರೆ ಎಣಿಸುತ್ತಾರೆ. ನಿಂತ ಪ್ರತಿ ನಿಮಿಷವೂ ನಷ್ಟವೆಂದು ಅನಿಸಿದರೆ ಆಶ್ಚರ್ಯವಿಲ್ಲ. ಮೇಲಾಗಿ ಮಗ್ಗದಿಂದ ಎದ್ದ ಹೆಣ್ಣುಮಗಳು ಬಿಡುವಿಗೆ ಹೋಗುವುದಿಲ್ಲ, ಒಲೆಯ ಕಡೆಗೆ ಹೋಗುತ್ತಾಳೆ. ಕಂಡಿಕೆ ಸುತ್ತಿದವರ, ಹಾಸು ಹೂಡಿದವರ ಶ್ರಮ ಸೀರೆಯ ಕೂಲಿಯಲ್ಲೇ ಕರಗಿಹೋಗುತ್ತದೆ. ಇದನ್ನು ಭಂಗಿ, ಬೆಳಕುಗಳ ಸಲಹೆಯಿಂದ ಸರಿಪಡಿಸಲಾಗದು. ಮನೆಯಲ್ಲಿ ದುಡಿಯುವವರಿಗೂ ಇತರ ಕೂಲಿಗಾರರಿಗೆ ಸಮನಾದ ಕೂಲಿ, ಸುರಕ್ಷತೆ ಇರಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ ಒಡಂಬಡಿಕೆ ರೂಪಿಸಿತು. ಭಾರತ ಅದನ್ನು ಅಂಗೀಕರಿಸಿಲ್ಲ.

ಆದರೆ ಬಿಡುವಿನಿಂದ ನಷ್ಟವಾಗುತ್ತದೆಯೋ ಇಲ್ಲವೋ ಎಂಬುದನ್ನು ಅಳೆದು ನೋಡಬಹುದು. ಒಪ್ಪುವ ಒಂದು ಮನೆಯಲ್ಲಿ ಎರಡು ವಾರ ಈ ಲೆಕ್ಕ ಇಡಿ. ಮೊದಲ ವಾರ ಎಂದಿನಂತೆ ಕೆಲಸ ನಡೆಯಲಿ. ಪ್ರತಿ ಗಂಟೆಗೆ ನೇಯ್ದ ಬಟ್ಟೆ ಎಷ್ಟು ಸೆಂಟಿಮೀಟರ್, ಹರಿದ ಎಳೆ ಎಷ್ಟು, ಕೋಣೆಯ ಉಷ್ಣತೆ ಎಷ್ಟು ಎಂದು ಬರೆದುಕೊಳ್ಳಿ. ಎರಡನೆಯ ವಾರ ಅರ್ಧ ಗಂಟೆಗೊಮ್ಮೆ ಮೂರು ನಿಮಿಷದ ಬಿಡುವು ಸೇರಿಸಿ. ನೂಲು, ವಿನ್ಯಾಸ, ನೇಯುವವರು ಬದಲಾಗಬಾರದು. ಎಂಟನೆಯ, ಒಂಬತ್ತನೆಯ ಗಂಟೆಯ ಅಂಕಿಗಳನ್ನು ಬೇರೆಯಾಗಿ ಹೋಲಿಸಿ. ವ್ಯತ್ಯಾಸವಿದ್ದರೆ ಕಾಣಿಸಿಕೊಳ್ಳುವುದು ಅಲ್ಲಿ. ಸದ್ದನ್ನು ಮೊಬೈಲಿನಿಂದ ಅಳೆಯುವುದಾದರೆ ಅಂಕಿಯನ್ನು ಪೂರ್ತಿ ನಂಬಬೇಡಿ, ಒಂದು ಫೋನಿನಿಂದ ಇನ್ನೊಂದಕ್ಕೆ ಹಲವು ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಒಂದೇ ಫೋನಿನಿಂದ ಮಗ್ಗ ನಿಂತಾಗ, ಒಂದು ಮಗ್ಗ ನಡೆದಾಗ, ಎರಡು ನಡೆದಾಗ ಅಳೆದು 3 ಡೆಸಿಬೆಲ್ ಏರಿತೇ ನೋಡಿ. ಅಳೆಯುವಾಗ ನಿಮ್ಮ ಕಿವಿಗೂ ಬಿರಡೆ ಇರಲಿ. ಮನೆಯವರ ಹೆಸರು, ಅವರ ಕೂಲಿಯ ವಿವರ ವರದಿಯಲ್ಲಿ ಬೇಡ, 'ಮನೆ 1', 'ಮನೆ 2' ಎಂದು ಬರೆದರೆ ಸಾಕು. ಕೋಷ್ಟಕದ ಒಂದು ಪ್ರತಿಯನ್ನು ಮೊದಲು ಆ ಮನೆಯವರಿಗೇ ಕೊಡಿ.